ಹೆಂಚಿನ ಮೇಲೆ 1865: ಒಂದು ಹಳೇ ಮನೆಯ ಪ್ರಕರಣ

ಈ ಮನೆ ಮೈಸೂರಿನ ಹಳೇ ಬಡಾವಣೆಯೊಂದರಲ್ಲಿದೆ. ಯಾವ ಬಡಾವಣೆ, ಯಾವ ರಸ್ತೆ ಅಂತ ಹೇಳುವುದಿಲ್ಲ. ಮನೆಯವರ ಗುರುತು ಹತ್ತಬಾರದು ಅಂತ ಕೆಲವು ಊರುಗಳ ಹೆಸರು, ಒಂದೆರಡು ಸಂಬಂಧ ಬದಲಿಸಿದ್ದೇನೆ. ನಾನು ಹಳೇ ಕಟ್ಟಡಗಳ ರಿಪೇರಿ, ದಾಖಲಾತಿ ಮಾಡುವ ಆರ್ಕಿಟೆಕ್ಟ್. ಈ ಕೆಲಸದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಮಾತ್ರ ಬದಲಿಸಿಲ್ಲ, ಹಾಗೇ ಬರೆದಿದ್ದೇನೆ.

ಮನೆ ಮತ್ತು ಮನೆಯವರು

ಫೋನ್ ಮಾಡಿದ್ದು ಮನೆಯ ಹಿರಿಯಣ್ಣ. ಎಪ್ಪತ್ತು ದಾಟಿದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. "ನಮ್ಮನೆ ಹೆರಿಟೇಜ್ ಆಗುತ್ತಾ? ಸ್ವಲ್ಪ ಬಂದು ನೋಡಿ ಹೇಳ್ತೀರಾ ಮೇಡಂ?" ಅಂದರು. ಇಂಥ ಫೋನು ಬಂದಾಗ ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ. ಇಲ್ಲಿಯೂ ಇತ್ತು. ಒಬ್ಬ ಬಿಲ್ಡರ್ ಬಂದು ಜಾಯಿಂಟ್ ವೆಂಚರ್ ಮಾತಾಡಿ ಹೋಗಿದ್ದ. ಮನೆ ಕೆಡವಿ 8 ಫ್ಲ್ಯಾಟ್ ಕಟ್ಟುವುದು, 4 ಮನೆಯವರಿಗೆ, 4 ಅವನಿಗೆ. ಪಾಲುದಾರರು ನಾಲ್ವರು. ಮನೆಯಲ್ಲೇ ಇರುವ ಹಿರಿಯಣ್ಣ, ಬೆಂಗಳೂರಿನಲ್ಲಿರುವ ತಂಗಿ, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ತಮ್ಮ, ಮತ್ತು ತೀರಿಹೋದ ಇನ್ನೊಬ್ಬ ತಮ್ಮನ ಹೆಂಡತಿ, ಮಗಳು. ಈ ತಾಯಿ ಮಗಳದ್ದು ಒಂದು ಪಾಲು. ಅವರಿಬ್ಬರೂ ಬಾಡಿಗೆ ಮನೆಯಲ್ಲಿದ್ದರು.

ಲೆಕ್ಕ ಸರಿಯಾಗಿದೆ ಅಲ್ವಾ, ನಾಲ್ಕು ಫ್ಲ್ಯಾಟಿಗೆ ನಾಲ್ಕು ಪಾಲು! ಬಿಲ್ಡರ್ ಅದನ್ನು ನೋಡಿಯೇ ಹೇಳಿದ್ದ. ಹಿರಿಯಣ್ಣನಿಗೆ ಮಾತ್ರ ಮನಸ್ಸಿರಲಿಲ್ಲ. 'ಪಾರಂಪರಿಕ ಕಟ್ಟಡ' ಅಂತ ಒಂದು ಕಾಗದ ಸಿಕ್ಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಅಂತ ಅವರ ಲೆಕ್ಕ. ಅಂದರೆ ನನ್ನನ್ನು ಕರೆದದ್ದು ಮನೆ ನೋಡುವುದಕ್ಕಲ್ಲ, ಜಗಳದಲ್ಲಿ ಒಂದು ಪಕ್ಷ ಹಿಡಿಯುವುದಕ್ಕೆ. ಅದು ನನಗೆ ಅರ್ಥವಾಗಲು ಎರಡು ಭಾನುವಾರ ಬೇಕಾಯಿತು.

ಮನೆ ಚೆನ್ನಾಗಿತ್ತು. 19ನೇ ಶತಮಾನದ ಕೊನೆಗೆ ಪ್ಲೇಗ್ ಬಂದು ಹೋದ ಮೇಲೆ ಮೈಸೂರು ಕೋಟೆಯ ಇಕ್ಕಟ್ಟಿನಿಂದ ಹೊರಗೆ ಬೆಳೆಯಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅಗಲ ರಸ್ತೆ, ಪ್ರತಿ ಸಾಲಿನ ಹಿಂದೆ ಸಫಾಯಿಯವರು ಓಡಾಡಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಅಳತೆ ಮಾಡಿ ಹಂಚಿದ ನಿವೇಶನ. ಅಂಥ ಒಂದು ನಿವೇಶನದಲ್ಲಿ ಹಿರಿಯಣ್ಣನ ಮುತ್ತಜ್ಜ ಈ ಮನೆ ಕಟ್ಟಿಸಿದ್ದರು. ಅರಮನೆ ಇಲಾಖೆಯಲ್ಲಿ ಗುಮಾಸ್ತರು. ಮುಂದೆ ಉದ್ದಕ್ಕೂ ಜಗಲಿ, ಮರದ ಕಂಬ, ಜಗಲಿಯ ಬಲತುದಿಗೆ ಬೀದಿಗೇ ಬಾಗಿಲಿರುವ ಒಂದು ಸಣ್ಣ ಹೊರಕೋಣೆ. ಒಳಗೆ ಪಡಸಾಲೆ, ಪುಟ್ಟ ತೊಟ್ಟಿ, ಸುತ್ತ ಕೈಸಾಲೆ. ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲು, ಬಾವಿ. ನೆಲಕ್ಕೆ ರೆಡ್ ಆಕ್ಸೈಡ್. ಪಡಸಾಲೆಯ ನೆಲದಲ್ಲಿ ಮುಖ ಕಾಣುತ್ತಿತ್ತು. ಗೋಡೆಯ ಮೇಲೆ ಮರದ ಪಟ್ಟಿಯೊಳಗೆ ಎಳೆದ ಹಳೇ ವೈರಿಂಗು, ಪಿಂಗಾಣಿಯ ಗುಂಡು ಸ್ವಿಚ್ಚು.

ಹಳ್ಳಿಯಲ್ಲಿದ್ದ ಗದ್ದೆಯಿಂದ ಭತ್ತ ಬರುತ್ತಿರುವವರೆಗೆ ಮನೆ ನಡೆಯಿತು. 1974ರ ಭೂಸುಧಾರಣೆಯಲ್ಲಿ ಗದ್ದೆ ಗೇಣಿದಾರರ ಹೆಸರಿಗೆ ಹೋಯಿತು. ಅದು ನ್ಯಾಯವೇ. ಆದರೆ ಅಲ್ಲಿಂದಾಚೆಗೆ ಹೆಂಚು ಕೈಯಾಡಿಸುವುದಕ್ಕೂ ದುಡ್ಡಿರಲಿಲ್ಲ. ಹಳೇ ಮನೆಗಳು ಯಾಕೆ ಹಾಳಾಗುತ್ತವೆ ಅಂತ ಕೇಳಿದಾಗ ಎಲ್ಲರೂ ಗೆದ್ದಲು, ಮಳೆ ಅನ್ನುತ್ತಾರೆ. ಹಿಂದಿನ ಆದಾಯ ಎಲ್ಲಿಂದ ಬರುತ್ತಿತ್ತು ಅಂತ ಯಾರೂ ಕೇಳುವುದಿಲ್ಲ.

'ಹೆರಿಟೇಜ್' ಅಂದರೆ ಏನು ಅಂತ ಮೊದಲು ಬಿಡಿಸಬೇಕಾಯಿತು

ಮನೆಯವರ ತಲೆಯಲ್ಲಿ ಎಲ್ಲ ಒಂದೇ ಆಗಿತ್ತು. ತಂಗಿಯ ಹೆದರಿಕೆ: "ಹೆರಿಟೇಜ್ ಅಂದ್ರೆ ಮೊಳೆ ಹೊಡೆಯೋಕೂ ದೆಹಲಿಯಿಂದ ಪರ್ಮಿಷನ್ ಬೇಕಂತೆ. ಅಕ್ಕಪಕ್ಕದವರೂ ಕಟ್ಟೋ ಹಾಗಿಲ್ವಂತೆ." ಅದು ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳ ವಿಷಯ. ದೇಶದಲ್ಲಿ ಅಂಥವು 3,600ಕ್ಕೂ ಹೆಚ್ಚಿವೆ. ಅವುಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆ, 2010ರ ತಿದ್ದುಪಡಿ. ಸೋಮನಾಥಪುರದ ದೇವಸ್ಥಾನಕ್ಕೆ ಅದು ಸರಿ. ಒಬ್ಬ ಗುಮಾಸ್ತರ ಮನೆಗೆ ಅದರ ಹತ್ತಿರವೂ ಹೋಗುವ ಹಾಗಿಲ್ಲ. ರಾಜ್ಯದ 1961ರ ಪುರಾತತ್ವ ಕಾಯ್ದೆಯಡಿ ರಕ್ಷಿತ ಸ್ಮಾರಕ ಆಗುವುದೂ ದೂರದ ಮಾತು.

ಉಳಿದದ್ದು ಮೂರನೆಯದು, ಊರಿನ ಮಟ್ಟದ ಪಟ್ಟಿ. ಮೈಸೂರಿನಲ್ಲಿ ಇದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪಾರಂಪರಿಕ ಸಮಿತಿ ಇದೆ. ನಗರ ಯೋಜನೆಯ ಕಾನೂನಿನಡಿ ನಡೆಯುವ ಕೆಲಸ. ಇಂಥ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೂರು ದರ್ಜೆ. ಮುಂಬೈ 1995ರಲ್ಲಿ ಹೆರಿಟೇಜ್ ನಿಯಮ ತಂದಾಗ ಬಳಸಿದ ವಿಂಗಡಣೆ ಇದು, ಕೇಂದ್ರದ 2016ರ ಮಾದರಿ ಕಟ್ಟಡ ಬೈಲಾದಲ್ಲೂ ಇದೆ. ಗ್ರೇಡ್ 1 ಅಂದರೆ ಮುಟ್ಟುವ ಹಾಗಿಲ್ಲ. ಗ್ರೇಡ್ 2 ಅಂದರೆ ಒಳಗೆ ಅಗತ್ಯಕ್ಕೆ ತಕ್ಕಷ್ಟು ಬದಲಾವಣೆ. ಗ್ರೇಡ್ 3 ಅಂದರೆ ಒಂಟಿಯಾಗಿ ದೊಡ್ಡದಲ್ಲ, ಆದರೆ ಬೀದಿಯ ಚಹರೆಗೆ ಬೇಕಾದದ್ದು. ಒಳಗೂ ಹೊರಗೂ ಬದಲಾವಣೆಗೆ ಅವಕಾಶ ಇದೆ, ಸುತ್ತಲಿನದಕ್ಕೆ ಹೊಂದಿಕೊಂಡಿರಬೇಕು ಅಷ್ಟೇ.

ಇದನ್ನು ಹೇಳಿದ ಮೇಲೆ ತಂಗಿಯ ದನಿ ಸ್ವಲ್ಪ ಇಳಿಯಿತು. ಅಣ್ಣನ ಉತ್ಸಾಹವೂ ಇಳಿಯಿತು! ಮೂರನೇ ದರ್ಜೆ ಅನ್ನುವ ಮಾತೇ ಅವರಿಗೆ ರುಚಿಸಲಿಲ್ಲ. "ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಮನೇನ ಹೆರಿಟೇಜ್ ಮಾಡಿದ್ರಲ್ಲ. ನಮ್ಮದು ಅದಕ್ಕಿಂತ ಹಳೇದು ಅಲ್ವಾ?" ಅಂದರು. ಹಳೇದು ನಿಜ. ಆ ಮನೆ 1950ರ ದಶಕದ್ದು. 2011ರಲ್ಲಿ ಕೆಡವಲು ಶುರುವಾಗಿ, ಗಲಾಟೆಯಾಗಿ, ನಿಂತು, 2016ರಲ್ಲಿ ಮ್ಯೂಸಿಯಂ ಆಯಿತು. ಅಲ್ಲಿ ಉಳಿಸಿದ್ದು ಗೋಡೆಯ ವಯಸ್ಸನ್ನಲ್ಲ, ಅಲ್ಲಿ ಕೂತು ಬರೆದವರ ನೆನಪನ್ನು. ಅದಕ್ಕೂ ಎಲ್ಲರೂ ಒಪ್ಪಿರಲಿಲ್ಲ. ಕನ್ನಡದ ಕೆಲವು ಲೇಖಕರೇ ತಕರಾರು ತೆಗೆದಿದ್ದರು.

ಹೆಂಚು ಮತ್ತು ಗಾಂಧೀಜಿ

ಮನೆಯವರ ಹತ್ತಿರ ಎರಡು ಗಟ್ಟಿ ಸಾಕ್ಷಿ ಇದ್ದವು. ಒಂದು ಹೆಂಚು, ಇನ್ನೊಂದು ಗಾಂಧೀಜಿ.

ಹಿರಿಯಣ್ಣ ಒಂದು ಹೆಂಚನ್ನು ತೊಳೆದು, ಒರೆಸಿ, ಪಡಸಾಲೆಯ ಗೂಡಿನಲ್ಲಿ ಇಟ್ಟಿದ್ದರು. ಬೆನ್ನ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರ, ಅದರ ಜೊತೆ 1865. "ನೋಡಿ, ಮನೆಗೆ ನೂರೈವತ್ತು ವರ್ಷ ದಾಟಿದೆ" ಅನ್ನುತ್ತಿದ್ದರು. ಬಂದವರಿಗೆಲ್ಲ ತೋರಿಸಿದ್ದರು. ಒಮ್ಮೆ ಸ್ಥಳೀಯ ಪತ್ರಿಕೆಯಲ್ಲೂ ಬಂದಿತ್ತಂತೆ.

1865 ಹೆಂಚು ಸುಟ್ಟ ವರ್ಷವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಅಂಗಡಿ ಬೋರ್ಡಿನ ಮೇಲೆ 'ಸ್ಥಾಪನೆ ಇಂಥ ಇಸವಿ' ಅಂತ ಹಾಕುತ್ತಾರಲ್ಲ, ಹಾಗೆ. ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡಿದರೆ ಇನ್ನೊಂದು ಪದ ಕಂಡಿತು. 'ಕಾಮನ್‌ವೆಲ್ತ್'. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಂದರೆ ಈ ಹೆಂಚು ಯುದ್ಧ ಮುಗಿದ ಮೇಲಿನದು. ಹೆಂಚು ಕಾಲಕಾಲಕ್ಕೆ ಬದಲಾಗುವ ವಸ್ತು. ಅದರಿಂದ ಮನೆಯ ವಯಸ್ಸು ಹೇಳುವುದು, ಹಾಕಿಕೊಂಡ ಅಂಗಿ ನೋಡಿ ಮನುಷ್ಯನ ವಯಸ್ಸು ಹೇಳಿದ ಹಾಗೆ.

ಇದನ್ನು ಹೇಳಿದಾಗ ಅವರ ಮುಖ ಸಣ್ಣದಾಯಿತು. ಹೆಂಚನ್ನು ವಾಪಸ್ ಗೂಡಿನಲ್ಲಿ ಇಡಲಿಲ್ಲ, ಬಾಗಿಲ ಹಿಂದೆ ಒರಗಿಸಿದರು. ಸುಮ್ನೆ ಅಳತೆ ತೆಗೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತೇನೋ ಅನ್ನಿಸಿತು. ಆದರೆ ಇಂಥ ವರದಿಯಲ್ಲಿ ಒಂದು ತಪ್ಪು ಇಸವಿ ಇದ್ದರೆ ಸಮಿತಿಯಲ್ಲಿ ಯಾರೋ ಒಬ್ಬರು ಹಿಡಿಯುತ್ತಾರೆ. ಆಮೇಲೆ ಉಳಿದ ನಿಜಗಳನ್ನೂ ನಂಬುವುದಿಲ್ಲ. ಕೊನೆಗೆ ಕ್ರಯಪತ್ರ, ಹಳೇ ಕಂದಾಯ ರಸೀದಿ, ಗೋಡೆಯ ಇಟ್ಟಿಗೆ ಅಳತೆ ಎಲ್ಲ ಸೇರಿಸಿ ನೋಡಿದಾಗ ಮುಂಭಾಗ 1910ರ ದಶಕ, ಮಹಡಿಯ ಕೋಣೆ 1930ರ ದಶಕ ಅಂತ ನಿಂತಿತು. ಮೈಸೂರಿಗೆ ಕರೆಂಟು ಬಂದದ್ದು 1908ರಲ್ಲಿ. ಮರದ ಪಟ್ಟಿಯ ವೈರಿಂಗು ಗಾರೆಯನ್ನು ಕೊರೆಯದೆ ಮೇಲಿಂದ ಹೋಗಿತ್ತು. ಮನೆ ಕಟ್ಟಿದ ಮೇಲೆ ಬೇರೆಯಾಗಿ ಹಾಕಿಸಿದ್ದೂ ಇರಬಹುದು.

ಗಾಂಧೀಜಿಯ ವಿಷಯ ಇನ್ನೂ ನಾಜೂಕು. ಅವರು ಈ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು ಅಂತ ಮನೆಯ ಮಾತು. 1927ರಲ್ಲೂ 1934ರಲ್ಲೂ ಗಾಂಧೀಜಿ ಮೈಸೂರಿಗೆ ಬಂದಿದ್ದು ನಿಜ. ಅವರ ಸಮಗ್ರ ಬರಹಗಳ 100 ಸಂಪುಟಗಳಲ್ಲಿ ಅವರು ಯಾವ ದಿನ ಎಲ್ಲಿದ್ದರು ಅಂತ ಪಟ್ಟಿಯೇ ಇದೆ. ಅದರಲ್ಲಿ ಈ ಮನೆ ಇಲ್ಲ. ಇರಬೇಕು ಅಂತಲೂ ಇಲ್ಲ, ಮಜ್ಜಿಗೆಯ ಲೆಕ್ಕ ಯಾರು ಬರೆದಿಡುತ್ತಾರೆ? ಆದರೆ ಇದೇ ಮಾತನ್ನು ಮೈಸೂರಿನಲ್ಲಿ ನನಗೆ ಇನ್ನೂ ಮೂರು ಮನೆಯವರು ಹೇಳಿದ್ದಾರೆ. ಮೂರರಲ್ಲೂ ಜಗಲಿ, ಮೂರರಲ್ಲೂ ಮಜ್ಜಿಗೆ. ವರದಿಯಲ್ಲಿ 'ಕುಟುಂಬದ ನೆನಪು, ದಾಖಲೆ ಇಲ್ಲ' ಅಂತ ಬರೆದು ಅಂಕ ಕೊಡದೆ ಬಿಟ್ಟೆ.

ಈ ಹಂತದಲ್ಲಿ ನನ್ನ ಅಭಿಪ್ರಾಯ ಹೀಗಿತ್ತು: ಚಂದದ ಮನೆ, ಆದರೆ ಮೈಸೂರಿನಲ್ಲಿ ಇಂಥವು ಇನ್ನೂ ಬೇಕಾದಷ್ಟಿವೆ. ಪಟ್ಟಿಗೆ ಒತ್ತಾಯ ಮಾಡುವಂಥದ್ದಲ್ಲ. ಮುಂಭಾಗ ಉಳಿಸಿಕೊಂಡರೆ ಸಾಕು.

ನನ್ನ ತಪ್ಪು

ಆ ವರ್ಷ ಆಗಸ್ಟಿನಲ್ಲಿ ಜೋರು ಮಳೆ. ಅಡುಗೆಮನೆಯ ಹಿಂದಿನ ಗೋಡೆ ಹೊಟ್ಟೆ ಬಿಟ್ಟಿತು. ಮೈಸೂರಿನವರಿಗೆ ಆಗಸ್ಟ್ ಮಳೆ ಅಂದರೆ ಹಳೇ ಕಟ್ಟಡದ ನೆನಪು ಬೇಡವೆಂದರೂ ಬರುತ್ತದೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳೇ ಹೋದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಹಿರಿಯಣ್ಣನ ಹೆಂಡತಿ ಅಡುಗೆಮನೆಗೆ ಕಾಲಿಡಲು ಹೆದರಿ ಪಡಸಾಲೆಯಲ್ಲಿ ಗ್ಯಾಸ್ ಒಲೆ ಇಟ್ಟುಕೊಂಡಿದ್ದರು.

ಮೊದಲು ಬಂದ ಎಂಜಿನಿಯರ್ ಇಡೀ ಮನೆಯನ್ನೇ ಕೆಡವಿ ಅಂದರು. "ಗೋಡೆಯಲ್ಲಿ ಕಬ್ಬಿಣವೇ ಇಲ್ಲ" ಅಂತ ಅವರ ಕಾರಣ. 1910ರ ಗುಮಾಸ್ತರ ಮನೆಯ ಗೋಡೆಯಲ್ಲಿ ಕಬ್ಬಿಣ ಎಲ್ಲಿಂದ ಬರಬೇಕು? ಎರಡನೆಯವರು ಸುಣ್ಣದ ಗಾರೆ ಗೊತ್ತಿದ್ದವರು. ಮುಂದಿನ ಗೋಡೆ ಗಟ್ಟಿ ಇದೆ ಅಂದರು. ಸೊಂಟದೆತ್ತರಕ್ಕೆ ತೇವ ಏರಿರುವುದು ಹಿಂದೊಮ್ಮೆ ಮಾಡಿಸಿದ ಸಿಮೆಂಟು ಪ್ಲಾಸ್ಟರಿನ ಫಲ, ಅದನ್ನು ಕಿತ್ತು ಸುಣ್ಣದ ಗಾರೆ ಮಾಡಿ, ಗೋಡೆ ಉಸಿರಾಡಲಿ ಅಂದರು. ತೊಟ್ಟಿಯ ಮೇಲಿನ ಎರಡು ತೊಲೆ ಬದಲಿಸಬೇಕು. ಅಡುಗೆಮನೆ ಮಾತ್ರ ಅಪಾಯ. 1968ರಲ್ಲಿ ಹೆಂಚು ತೆಗೆದು ಕಬ್ಬಿಣ, ಕಾಂಕ್ರೀಟಿನ ತಾರಸಿ, ಅಂದರೆ ಆರ್‌ಸಿಸಿ ಹಾಕಿಸಿದ್ದರು. ಆ ಭಾರ ಹಳೇ ಗೋಡೆಗೆ ತಡೆಯಲಿಲ್ಲ.

ನಾನು ನಕ್ಷೆಯಲ್ಲಿ ಬಣ್ಣ ಹಾಕುತ್ತೇನೆ. ಉಳಿಸಲೇಬೇಕಾದದ್ದು ಕೆಂಪು, ಸಾಧ್ಯವಾದರೆ ಉಳಿಸಿ ಅನ್ನುವುದು ನೀಲಿ, ಹೋದರೆ ಪರವಾಗಿಲ್ಲ ಅನ್ನುವುದು ಹಳದಿ. ಅಡುಗೆಮನೆಗೆ ಹಳದಿ ಹಾಕಿದ್ದೆ. ಕಾರಣ: ಆರ್‌ಸಿಸಿ, ಅಂದರೆ ಈಚೆಯದು. ತಲೆ ಎತ್ತಿ ನೋಡಿ ಬರೆದಿದ್ದೆ, ತಲೆ ತಗ್ಗಿಸಿ ನೆಲ ನೋಡಲಿಲ್ಲ. ಎರಡೇ ದಿನದಲ್ಲಿ ಅಡುಗೆಮನೆ ಕೆಡವಿದರು. ನನ್ನ ಹತ್ತಿರ ಅದರ 14 ಫೋಟೋ ಇವೆ. ಅಳತೆಯ ನಕ್ಷೆ ಇಲ್ಲ.

ಐದು ವಾರ ಬಿಟ್ಟು ಗೆದ್ದಲಿನ ಔಷಧಿ ಹೊಡೆಸಲು ಅಟ್ಟ ಖಾಲಿ ಮಾಡುವಾಗ, ಹಿತ್ತಾಳೆ ಪಾತ್ರೆಗಳ ಕೆಳಗೆ ಒಂದು ತಗಡಿನ ಟ್ರಂಕು ಸಿಕ್ಕಿತು. ಒಳಗೆ ಏಳು ಖರ್ಚಿನ ಪುಸ್ತಕ. ಮೂರನ್ನು ಹುಳ ತಿಂದಿತ್ತು. ಉಳಿದವು ಓದುವ ಹಾಗಿದ್ದವು, ನೇರಳೆ ಬಣ್ಣದ ಕಾಪಿಂಗ್ ಪೆನ್ಸಿಲಿನ ಬರಹ. 1930ರ ಸುಮಾರಿಗೆ ಶುರುವಾಗಿ ಯುದ್ಧದ ಕಾಲದವರೆಗೆ. ಬರೆದವರು ಹಿರಿಯಣ್ಣನ ಅಜ್ಜಿ. ಒಂದು ಪುಟ ಹೀಗಿತ್ತು:

ಸೋಮ: ಕಡೂರು ಹುಡುಗ, ಎರಡು ಹೊತ್ತು.
ಮಂಗಳ: ಹಾಸನದವನು, ರಾತ್ರಿ ಮಾತ್ರ. ಪರೀಕ್ಷೆಯಂತೆ.
ಬುಧ: ಇಬ್ಬರು. ಅಕ್ಕಿ ಒಂದು ಪಾವು ಜಾಸ್ತಿ.
ಗುರು: ಹೊಳೆನರಸೀಪುರ. ಜ್ವರ. ಗಂಜಿ.

ವಾರಾನ್ನ. ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ವಾರದ ಏಳು ದಿನ ಏಳು ಮನೆಯಲ್ಲಿ ಊಟ ಮಾಡುತ್ತಿದ್ದ ಪದ್ಧತಿ. ಮಹಾರಾಜ ಕಾಲೇಜು, ಸಂಸ್ಕೃತ ಪಾಠಶಾಲೆ, 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ, ಎಲ್ಲವನ್ನೂ ನಾವು ಕಟ್ಟಡ ತೋರಿಸಿ ಕೊಂಡಾಡುತ್ತೇವೆ. ಅಲ್ಲಿ ಓದಿದವರು ಊಟ ಮಾಡಿದ್ದು ಎಲ್ಲಿ? ಇಂಥ ಅಡುಗೆಮನೆಗಳಲ್ಲಿ. ಆ ಪುಸ್ತಕಗಳಲ್ಲಿ 60ಕ್ಕೂ ಹೆಚ್ಚು ಹುಡುಗರು ಬಂದು ಹೋಗಿದ್ದಾರೆ. ಜಗಲಿಯ ತುದಿಯ ಹೊರಕೋಣೆಗೆ ಬೀದಿಯ ಬಾಗಿಲು ಯಾಕಿತ್ತು ಅಂತ ಆಗ ಹೊಳೆಯಿತು. ಅದು ಹುಡುಗರು ಮಲಗುತ್ತಿದ್ದ, ಓದುತ್ತಿದ್ದ ಕೋಣೆ. ನಾನು ಅದಕ್ಕೆ 'ಉಗ್ರಾಣ' ಅಂತ ಬರೆದಿದ್ದೆ.

ಈ ಮನೆಯಲ್ಲಿ ಊರಿಗೆ ಸಲ್ಲುವ ಚರಿತ್ರೆ ಏನಾದರೂ ಇದ್ದರೆ ಅದು ಅಡುಗೆಮನೆಯಲ್ಲಿತ್ತು. ಅದನ್ನು ನಾನೇ ಹಳದಿ ಬಳಿದು ಕೆಡವಿಸಿದ್ದೆ. ಈಗ ಯಾವ ಮನೆಗೆ ಹೋದರೂ ಟೇಪು ಬಿಚ್ಚುವ ಮೊದಲು ಟ್ರಂಕು ಬಿಚ್ಚಿಸುತ್ತೇನೆ. ಅಟ್ಟ ನೋಡದೆ ಬಣ್ಣ ಹಾಕುವುದಿಲ್ಲ. ಮನೆಯ ಗಂಡಸರು ಜಗಲಿ ತೋರಿಸುತ್ತಾರೆ, ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳದಿದ್ದರೆ ಅರ್ಧ ಮನೆ ತಿಳಿಯುವುದೇ ಇಲ್ಲ.

ಹಿತ್ತಲ ಬಾಗಿಲು

ಪುಸ್ತಕ ಓದಿಸಲು ಹಿರಿಯಣ್ಣನ ಸೋದರತ್ತೆಯನ್ನು ಕರೆಸಿದೆವು. 88 ವರ್ಷ, ಈ ಮನೆಯಲ್ಲೇ ಹುಟ್ಟಿ ಬೆಳೆದವರು. ತಮ್ಮ ಅಮ್ಮನ ಬರಹವನ್ನು ಕನ್ನಡಕವಿಲ್ಲದೆ ಓದಿದರು. ಹುಡುಗರು ಯಾರು ಅಂತ ಕೇಳಿದೆ. ಎಲ್ಲ ನಮ್ಮವರೇ ಅಂದರು. ಅಂದರೆ ಬ್ರಾಹ್ಮಣ ಹುಡುಗರು ಮಾತ್ರ. ಬೇರೆ ಜಾತಿಯ ಹುಡುಗರಿಗೆ ಈ ಬೀದಿಯಲ್ಲಿ ಎಲೆ ಹಾಕುತ್ತಿರಲಿಲ್ಲ. ಅವರ ಸಮುದಾಯದವರು ಹಾಸ್ಟೆಲು ಕಟ್ಟಿಕೊಳ್ಳಬೇಕಾಯಿತು, ಕಟ್ಟಿಕೊಂಡರು.

ಹಿತ್ತಲ ಗೋಡೆಯಲ್ಲಿ, ಕನ್ಸರ್ವೆನ್ಸಿ ಗಲ್ಲಿಗೆ ತೆರೆಯುವ ಒಂದು ಚಿಕ್ಕ ಬಾಗಿಲಿತ್ತು. ಮೊಣಕಾಲೆತ್ತರ, ಬಗ್ಗಿಯೇ ಕೈ ಹಾಕಬೇಕು. ಕಕ್ಕಸಿನ ಬುಟ್ಟಿ ಎಳೆದುಕೊಳ್ಳಲು ಬಿಟ್ಟ ಬಾಗಿಲು. ಆಚೆ ಕಡೆ ಬರುತ್ತಿದ್ದ ಹೆಂಗಸಿನ ಬಗ್ಗೆ ಅತ್ತೆಯನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವಳು ಬರೋ ಹೊತ್ತಿಗೆ ನಮ್ಮನ್ನ ಒಳಗೆ ಕರೀತಿದ್ರು. ಮುಖ ನೋಡಿಲ್ಲ ಕಣಮ್ಮ. ಬಳೆ ಸದ್ದು ಮಾತ್ರ ಗೊತ್ತು."

ಹಿರಿಯಣ್ಣನಿಗೆ ಅದು ವರದಿಯಲ್ಲಿ ಬರುವುದು ಬೇಡವಾಗಿತ್ತು. "ಎಲ್ಲರ ಮನೇಲೂ ಇತ್ತು. ಅದನ್ನೆಲ್ಲ ಯಾಕೆ ಬರೀತೀರಿ?" ಎಲ್ಲರ ಮನೆಯಲ್ಲೂ ಇತ್ತು ಅನ್ನುವುದಕ್ಕೇ ಬರೆಯಬೇಕು ಅಂದೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಆಮೇಲೆ ಬೀದಿಬೀದಿಯಲ್ಲಿ ಈ ಬಾಗಿಲುಗಳಿಗೆ ಇಟ್ಟಿಗೆ ಹಾಕಿ ಮುಚ್ಚಿದರು. ಇಲ್ಲಿ ಮುಚ್ಚಿರಲಿಲ್ಲ, ಅಷ್ಟೇ. ವಾರಾನ್ನವನ್ನು ಹೊಗಳಿ ಈ ಬಾಗಿಲನ್ನು ಬಿಟ್ಟರೆ ವರದಿ ಮದುವೆ ಆಲ್ಬಮ್ ಆಗುತ್ತದೆ. ಬೆಂಗಳೂರಿನ ತಂಗಿ ಆ ದಿನ ಮೊದಲ ಸಲ ನನ್ನ ಪರ ಮಾತಾಡಿದರು. "ಅಣ್ಣ, ಅದು ಇರಲಿ. ಅದಿಲ್ಲದಿದ್ದರೆ ನಾನು ಸಹಿ ಹಾಕಲ್ಲ."

ಅವರ ಸಹಿ ಬೇಕೇಬೇಕಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಹೆಣ್ಣುಮಕ್ಕಳನ್ನು ಬಿಟ್ಟು ಪಿತ್ರಾರ್ಜಿತ ಮನೆಯ ಬಗ್ಗೆ ಯಾವ ಕಾಗದವೂ ಮಾಡುವ ಹಾಗಿಲ್ಲ. ಹಿರಿಯಣ್ಣನಿಗೆ ಇದು ಗೊತ್ತಿತ್ತು, ಒಪ್ಪಲು ಹೊತ್ತು ಹಿಡಿಯಿತು.

ಏಳು ಮನೆ

ವಾರಾನ್ನ ಒಂದು ಮನೆಯಿಂದ ನಡೆಯುವುದಿಲ್ಲ. ಸೋಮವಾರ ಇಲ್ಲಿ ಉಂಡ ಹುಡುಗ ಮಂಗಳವಾರ ಎಲ್ಲಿ? ಪುಸ್ತಕದಲ್ಲಿ ಅಲ್ಲಲ್ಲಿ 'ಎದುರು ಮನೆಯವರು ಊರಲ್ಲಿಲ್ಲ, ಅವರ ಹುಡುಗನೂ ನಮ್ಮಲ್ಲೇ' ಅಂತ ಇತ್ತು. ಅತ್ತೆ ಬೆರಳು ಮಡಿಸಿ ಏಳು ಮನೆ ಎಣಿಸಿದರು, ಎಲ್ಲ ಅದೇ ಬೀದಿಯವು. ಅವುಗಳಲ್ಲಿ ಈ ಮನೆಯೂ ಸೇರಿ ನಾಲ್ಕು ಇನ್ನೂ ನಿಂತಿದ್ದವು. ನಾಲ್ಕಕ್ಕೂ ಜಗಲಿ, ಎರಡಕ್ಕೆ ಹೊರಕೋಣೆ.

ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ಈ ಮನೆ ಒಂಟಿಯಾಗಿ ಪಾರಂಪರಿಕ ಕಟ್ಟಡವಾ? ಅಲ್ಲ. ಈ ಬೀದಿ? ಹೌದು ಅನ್ನಿಸಿತು. ವರದಿಯನ್ನು ಪೂರ್ತಿ ತಿರುಗಿ ಬರೆದೆ. ಮನೆಗೆ ಗ್ರೇಡ್ 3, ಬೀದಿಗೆ ಪಾರಂಪರಿಕ ವಲಯದ ಪರಿಗಣನೆ.

ಉಳಿದ ಮೂರು ಮನೆಯವರನ್ನು ಕಾಣಲು ಹೋದೆ. ಒಬ್ಬರು ಕಾಫಿ ಕೊಟ್ಟು, ಎಲ್ಲ ಕೇಳಿ, ಬೇಡ ಅಂದರು. ಇನ್ನೊಬ್ಬರು ಗೇಟಿನ ಹೊರಗೇ ನಿಲ್ಲಿಸಿ ಬೇಡ ಅಂದರು. ಮೂರನೇ ಮನೆಗೆ ಬೀಗ. ಮಾಲೀಕರ ಮಗನನ್ನು ಫೋನಿನಲ್ಲಿ ಹಿಡಿದೆ. ಆಗಲೇ ಅಗ್ರಿಮೆಂಟ್ ಆಗಿದೆ ಅಂದ. ಆ ಬೇಸಿಗೆಗೆ ಮನೆ ನೆಲಸಮ. ಅವರನ್ನು ದೂರುವುದಿಲ್ಲ. ರಿಪೇರಿಗೆ ಒಂದು ರೂಪಾಯಿ ನೆರವಿಲ್ಲದೆ ಸಹಿ ಮಾತ್ರ ಹಾಕಿ ಅಂದರೆ ಯಾರು ಹಾಕುತ್ತಾರೆ?

ಮನೆಯವರ ಸಭೆ ಒಂದು ರಾತ್ರಿ ವಿಡಿಯೋ ಕಾಲಿನಲ್ಲಿ ನಡೆಯಿತು. ನ್ಯೂಜೆರ್ಸಿಯ ತಮ್ಮ ನೇರವಾಗಿ ಕೇಳಿದ: "ಮೂರನೇ ದರ್ಜೆ ಸಿಕ್ಕಿದರೆ ನನ್ನ ಪಾಲಿನ ಬೆಲೆ ಎಷ್ಟು ಇಳಿಯುತ್ತೆ?" ಒಳ್ಳೇ ಪ್ರಶ್ನೆ. ಇಳಿಯುತ್ತದೆ, ಎಷ್ಟು ಅಂತ ನಾನು ಹೇಳಲಾರೆ ಅಂದೆ. ಆಗ ಎಲ್ಲರೂ ಮರೆತಿದ್ದವರು ಮಾತಾಡಿದರು, ತೀರಿಹೋದ ತಮ್ಮನ ಮಗಳು. "ದೊಡ್ಡಪ್ಪ, ಮನೆ ಉಳಿಸಿ, ಬೇಡ ಅನ್ನಲ್ಲ. ಆದ್ರೆ ನಾನೂ ಅಮ್ಮನೂ ಎಲ್ಲಿರೋದು?" ಅಲ್ಲಿಯವರೆಗೆ ಐದು ತಿಂಗಳು ಹೆಂಚು, ಗಾಂಧಿ, ಗಾರೆ ಅಂತ ಓಡಾಡಿದ್ದೆವು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ದಾರಿ ಅಲ್ಲಿಂದಲೇ ಸಿಕ್ಕಿತು. ಅಡುಗೆಮನೆ ಹೋಗಿ ಹಿಂದೆ ಜಾಗ ಖಾಲಿ ಇತ್ತಲ್ಲ. ಅಲ್ಲಿ ಮುಂದಿನ ಹೆಂಚಿನ ನೆತ್ತಿಗಿಂತ ತಗ್ಗಾಗಿ, ಬೀದಿಯಿಂದ ಕಾಣದ ಹಾಗೆ ಎರಡಂತಸ್ತಿನ ಸಣ್ಣ ಮನೆ. ಕೆಳಗೆ ತಾಯಿ ಮಗಳು, ಮೇಲೆ ಬಾಡಿಗೆಗೆ. ನ್ಯೂಜೆರ್ಸಿಯ ತಮ್ಮನ ಪಾಲನ್ನು ತಂಗಿ ಕೊಂಡರು. ಮುಂಭಾಗ ಅಣ್ಣ ತಂಗಿಯ ಹೆಸರಿಗೆ. ಬಿಲ್ಡರಿಗೆ ಬೇಡ ಅಂತ ಹೇಳಿದರು. ಅವನು ಎದುರು ಸಾಲಿನಲ್ಲಿ ಇನ್ನೊಂದು ನಿವೇಶನ ಹಿಡಿದ.

ಅರ್ಜಿ ಹಾಕಿ ಎರಡು ವರ್ಷ ಮೇಲಾಯಿತು. ಒಮ್ಮೆ ಬಂದು ನೋಡಿಕೊಂಡು ಹೋದರು. ಒಮ್ಮೆ ಫೈಲು ಸಿಗುತ್ತಿಲ್ಲ ಅಂತ ಇನ್ನೊಂದು ಪ್ರತಿ ಕೇಳಿದರು. ಇನ್ನೂ ಆದೇಶ ಬಂದಿಲ್ಲ. ಹಿರಿಯಣ್ಣ ಈಗ ಅಷ್ಟು ತಲೆ ಕೆಡಿಸಿಕೊಂಡಿಲ್ಲ. ಜಗಳ ಮುಗಿದಿದ್ದರಿಂದ ಕಾಗದದ ಅವಸರವೂ ಮುಗಿದಿದೆ. ಹೊರಕೋಣೆಯಲ್ಲಿ ತೊನ್ನೂರಿನ ಕಡೆಯ ಇಬ್ಬರು ಕಾಲೇಜು ಹುಡುಗರು ಕಡಿಮೆ ಬಾಡಿಗೆಗೆ ಇದ್ದಾರೆ. ಊಟ ಮೆಸ್ಸಿನಲ್ಲಿ. ಅವರ ಜಾತಿ ಯಾರೂ ಕೇಳಿಲ್ಲ ಅಂತ ತಂಗಿ ನನಗೆ ಎರಡು ಸಲ ಹೇಳಿದರು. ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಹಿಂದಿನ ಮನೆಗೆ ದಾರಿ ಕನ್ಸರ್ವೆನ್ಸಿ ಗಲ್ಲಿಯಿಂದ. ಗೇಟಿನ ಪಕ್ಕ ಆ ಚಿಕ್ಕ ಬಾಗಿಲು ಹಾಗೇ ಇದೆ, ಮುಚ್ಚಿಲ್ಲ. ಕೊರಿಯರ್ ಹುಡುಗರು ಪಾರ್ಸೆಲ್ಲನ್ನು ಅದರಲ್ಲಿ ತಳ್ಳಿ ಹೋಗುತ್ತಾರಂತೆ.

ಅಡುಗೆಮನೆಯ ನಕ್ಷೆ ಈಗ ವರದಿಯಲ್ಲಿದೆ. ಅದನ್ನು ಮಾಡಿದ್ದು ನಾನಲ್ಲ. ಪಾಯ ತೆಗೆಯುವ ಹಿಂದಿನ ದಿನ ಅತ್ತೆಯನ್ನು ಆ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿದ್ದೆವು. ಕುರ್ಚಿ ಹಾಕಿದರೆ ಕೂರಲಿಲ್ಲ. ರಂಗೋಲಿ ಡಬ್ಬ ತರಿಸಿಕೊಂಡರು. ಬಗ್ಗಲಾಗದೆ ನಿಂತೇ ಪುಡಿ ಬಿಡುತ್ತಾ ಹೋದರು. ಇಲ್ಲಿ ಒಲೆ, ಎರಡು ಕಣ್ಣಿನದು. ಇಲ್ಲಿ ಒರಳು. ಇಲ್ಲಿ ನೀರಿನ ಹಂಡೆ. ಈ ಗೋಡೆಗೆ ಸಾಲಾಗಿ ನಾವು. ಆಮೇಲೆ ಒಂದು ಗೆರೆ ಎಳೆದು, ಅದರ ಆಚೆ ಬಾಗಿಲ ಹತ್ತಿರ ಒಂದು ಚುಕ್ಕಿ ಇಟ್ಟರು.

"ಇದು ಯಾರು ಅತ್ತೆ?"

"ವಾರದ ಹುಡುಗ. ಕೊನೇಲಿ ಕೂರ್ತಿದ್ದ. ಎರಡನೇ ಸಲ ಅನ್ನ ಕೇಳೋಕೆ ನಾಚಿಕೆ ಅವನಿಗೆ. ಅಮ್ಮ ಕೇಳದೇನೇ ಹಾಕ್ತಿದ್ರು."

ನಾನು ಟೇಪು ಹಿಡಿದು ಆ ಚುಕ್ಕಿಯಿಂದ ಒಲೆಗೆ ಅಳೆದೆ. ಒಂಬತ್ತೂವರೆ ಅಡಿ.